ನಿನ್ನೆಯ ಸಾರು

ಹೋಟೆಲಿನಲ್ಲಿ ಕೂತು ಉಣ್ಣುವುದು ನನ್ನ ಮಟ್ಟಿಗೆ ಎಂದೂ ಸಣ್ಣ ವಿಷಯವಾಗಿರಲಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಕಾರವಾರದ ಬೈತಖೋಲ ಬಂದರಿಗೆ ಹೋದವನು ನಾನು. ಅಂದಿನಿಂದ ಮೀನು ಬೋಟುಗಳ ಎಂಜಿನ್ ಬಿಚ್ಚುವುದು, ಜೋಡಿಸುವುದು, ಇದೇ ಕೆಲಸ. ಕಾರವಾರದಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ನಾನು ಮೇಸ್ತ್ರಿ. ಉಗುರಿನ ಸಂದಿಯ ಗ್ರೀಸು ಪೂರ್ತಿ ಹೋಗುವುದಿಲ್ಲ. ಆದರೂ ಹೋಟೆಲಿಗೆ ಹೊರಟ ದಿನ ಡೀಸೆಲಿನಲ್ಲಿ ಕೈ ತೊಳೆದು, ಮೇಲೆ ಸೋಪಿನ ಪುಡಿ ಹಾಕಿ ತಿಕ್ಕಿ, ಇಸ್ತ್ರಿ ಅಂಗಿ ತೊಟ್ಟೇ ಹೋಗುತ್ತಿದ್ದೆ. ಮುಂಬಾಗಿಲಿನಿಂದ ಒಳಗೆ ಹೋಗಬೇಕು, ಫ್ಯಾನಿನ ಕೆಳಗಿನ ಮೇಜು ಹಿಡಿಯಬೇಕು, ಬೇಕಾದ್ದನ್ನು ಹೇಳಿ ತರಿಸಬೇಕು. ಮೈಮುರಿದು ದುಡಿದವನಿಗೆ ಇಷ್ಟಾದರೂ ಹಕ್ಕಿರಬೇಕು ಎಂಬುದು ನನ್ನ ಅಭಿಪ್ರಾಯ. ಅದು ಇಂದಿಗೂ ಬದಲಾಗಿಲ್ಲ.

ಪರದೇಶದಲ್ಲೂ ಉಂಡಿದ್ದೇನೆ. ಕೆಲವು ವರ್ಷ ಒಮಾನಿನಲ್ಲಿದ್ದೆ, ಅಲ್ಲೂ ಬೋಟಿನ ಎಂಜಿನ್ನೇ. ಸೂರ್ ಎಂಬ ಊರಿನ ಹೋಟೆಲೊಂದರಲ್ಲಿ ನೆಲಕ್ಕೆ ಕಂಬಳಿ ಹಾಸಿ ಕೂರಿಸುತ್ತಿದ್ದರು. ನಡುವೆ ಪರಾತದಷ್ಟು ದೊಡ್ಡ ತಟ್ಟೆ, ಅದರ ತುಂಬ ಹಳದಿ ಅನ್ನ, ಅನ್ನದ ಮೇಲೆ ಇಡಿಯಾಗಿ ಸುಟ್ಟ ಇಸವಾಣ. ನಮ್ಮ ಕಡೆ ತುಂಡಿನ ಲೆಕ್ಕದಲ್ಲಿ ತಿನ್ನುವ ಮೀನು ಅಲ್ಲಿ ತಲೆಯಿಂದ ಬಾಲದವರೆಗೆ ನನ್ನ ಮುಂದೆ ಮಲಗಿರುತ್ತಿತ್ತು. ಆಮೇಲೊಮ್ಮೆ ಎಂಜಿನ್ ಕಂಪನಿಯವರು ಕರಾವಳಿಯ ಮೆಕ್ಯಾನಿಕ್‌ಗಳನ್ನೆಲ್ಲ ಒಟ್ಟು ಮಾಡಿ ಬ್ಯಾಂಕಾಕಿಗೆ ಕರೆದೊಯ್ದರು. ಅಲ್ಲಿ ಮೀನಿನ ಆಕಾರದ್ದೇ ತಗಡಿನ ತಟ್ಟೆಯಲ್ಲಿ, ಕೆಳಗೆ ಬೆಂಕಿ ಇಟ್ಟು, ಬೆಳ್ಳುಳ್ಳಿ ಲಿಂಬೆಹುಳಿಯಲ್ಲಿ ಕುದಿಯುತ್ತಿರುವಾಗಲೇ ಮೀನು ತಂದಿಟ್ಟರು. ನಮ್ಮ ಗುಂಪಿನಲ್ಲಿ ಬಹಳ ಜನ ಅದನ್ನು ಮುಟ್ಟದೆ ಅನ್ನಕ್ಕೆ ಉಪ್ಪಿನಕಾಯಿ ಹುಡುಕಿದರು. ನಾನು ಮುಳ್ಳು ಮಾತ್ರ ಉಳಿಸಿದೆ.

ಈ ಊಟಗಳೆಲ್ಲ ಎರಡೆರಡು ಸಲ ಆಗುತ್ತಿದ್ದವು. ಮೊದಲು ನಾನು ಉಣ್ಣುವುದು, ಆಮೇಲೆ ಹೆಂಡತಿಗೆ ಫೋನಿನಲ್ಲಿ ಹೇಳುವುದು. ಅವಳು ಅಂಕೋಲಾದ ಭಾವಿಕೇರಿಯವಳು. ದೊಡ್ಡ ಕುಟುಂಬದಲ್ಲಿ ಹುಟ್ಟಿ, ದೊಡ್ಡ ಗಡಿಗೆಗಳ ಮುಂದೆ ಬೆಳೆದವಳು. ನಾನು ಕಂಬಳಿ, ದೀಪ, ಸಮುದ್ರದ ಗಾಳಿ ಎಂದೆಲ್ಲ ಹೇಳುತ್ತಿದ್ದರೆ ಅವಳಿಗೆ ಅದು ಯಾವುದೂ ಬೇಡ.

“ಅದೆಲ್ಲ ಇರ್ಲಿ. ಹುಳಿ ಎಂತದು ಹಾಕಿದ್ರು?”

“ಲಿಂಬೆ.”

“ಬರೀ ಲಿಂಬೆಯಾ? ಮೀನಿಗಾ? ಜ್ವರ ಬಂದವ್ರಿಗೆ ಮಾಡ್ದಂಗೆ ಆತು.”

“ನೀನು ತಿಂದು ನೋಡು, ಆಮೇಲೆ ಮಾತಾಡು.”

“ಎಲ್ಲಿ ತಿಂಬೂದು? ವಿಮಾನದಲ್ಲಿ ಕಳಿಸ್ತ್ರಾ?”

ಹೀಗೆ ನಗುತ್ತಿದ್ದೆವು. ನಾನು ಊರಿಗೆ ಬಂದಾಗ ಅವಳು ಅದನ್ನೇ ಮಾಡಿ ಬಡಿಸುತ್ತಿದ್ದಳು, ಆದರೆ ತೆಂಗಿನಕಾಯಿ ಅರೆದು ಹಾಕಿ, ಲಿಂಬೆ ಬಿಟ್ಟು ಮುರುಗಲ ಹುಳಿ ಹಾಕಿ, ಅಂದರೆ ಪರದೇಶದ್ದೇನೂ ಉಳಿಯದ ಹಾಗೆ. “ಈಗ ಸರಿ ಆತು ನೋಡಿ,” ಎನ್ನುತ್ತಿದ್ದಳು. ಸರಿಯಾಗಿಯೇ ಇರುತ್ತಿತ್ತು.

ಈಗ ಅವಳ ಗಂಟಲಿನ ವಿಷಯ ಹೇಳಬೇಕು. ಹೋದ ಮಳೆಗಾಲದಲ್ಲಿ ಗಂಟಲಿನ ಒಳಗೆ ಗಂಟು ಕಾಣಿಸಿತು. ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಕರೆಂಟ್, ಅಂದರೆ ರೇಡಿಯೇಶನ್, ಕೊಟ್ಟರು. ಗಂಟು ಕರಗಿತು, ಅದಕ್ಕೆ ಡಾಕ್ಟರರಿಗೆ ಕೈ ಮುಗಿಯುತ್ತೇನೆ. ಆದರೆ ಅದರ ಜೊತೆ ಬಾಯಿಯ ಎಂಜಲು ಒಣಗಿತು, ನಾಲಿಗೆಯ ರುಚಿ ಹೋಯಿತು. ಅನ್ನ ಕೊಟ್ಟರೆ ಮರಳು ಅಂದಳು, ರೊಟ್ಟಿ ಕೊಟ್ಟರೆ ರಟ್ಟು ಅಂದಳು. ಖಾರ ಸೋಕಿದರೆ ಉರಿ, ಸಪ್ಪೆ ಇದ್ದರೆ ವಾಕರಿಕೆ. ದಿನೇ ದಿನೇ ಇಳಿಯುತ್ತ ಹೋದಳು. ಕೈಬಳೆಗಳು ಮೊಣಕೈವರೆಗೆ ಜಾರತೊಡಗಿದ ಮೇಲೆ ತೆಗೆದು ಕಪಾಟಿನಲ್ಲಿಟ್ಟಳು. ಕಡೆಗೆ ಡಾಕ್ಟರರು ಸ್ಪಷ್ಟವಾಗಿ ಹೇಳಿದರು: ಮುಂದಿನ ಸಲ ಬರುವಾಗ ತೂಕ ಇನ್ನೂ ಇಳಿದಿದ್ದರೆ ಹೊಟ್ಟೆಗೆ ತೂತು ಮಾಡಿ ನಳಿಕೆ ಹಾಕುತ್ತೇವೆ, ಅದರಲ್ಲೇ ಆಹಾರ ಬಿಡಬೇಕು.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅವಳು ಅಂದಳು, “ಪೈಪ್ ಹಾಕಿ ಡೀಸೆಲ್ ಬಿಟ್ಟಂಗೆ ನಂಗೆ ಬಿಡೂದು ಬೇಡ. ಆ ಕೆಲ್ಸ ನಿಮ್ಮ ಬೋಟಿಗೆ ಮಾಡಿ.”

ನನಗೆ ನಗು ಬರಲಿಲ್ಲ.

ನಾನು ರಿಪೇರಿಯವನು. ಒಂದು ಕೆಲಸ ಕೆಟ್ಟರೆ ಒಂದೊಂದೇ ಭಾಗ ಬದಲಿಸಿ ನೋಡುವುದು ನನಗೆ ಗೊತ್ತಿರುವ ದಾರಿ. ಮನೆಯ ಊಟ ಇಳಿಯುತ್ತಿಲ್ಲವೋ, ಹೋಟೆಲ್ ಬದಲಿಸೋಣ. ಕಾರವಾರದ ಒಂದು ಹೋಟೆಲನ್ನೂ ಬಿಡಲಿಲ್ಲ. ಒಂದು ಕಡೆ ಸಿಗಡಿ, ಇನ್ನೊಂದು ಕಡೆ ತಿಸರೆ ಚಿಪ್ಪಿಯ ಸುಕ್ಕಾ, ಮತ್ತೊಂದು ಕಡೆ ರವೆ ಹಚ್ಚಿ ಹುರಿದ ಕಾಣೆ ಮೀನು. ಸೇತುವೆ ದಾಟಿ ಸದಾಶಿವಗಡಕ್ಕೂ ಕರೆದುಕೊಂಡು ಹೋದೆ. ಎಲ್ಲೆಲ್ಲೂ ಒಂದೇ ಆಟ. ತಟ್ಟೆ ಬರುತ್ತಿತ್ತು, ಅವಳು ಬೆರಳಿನ ತುದಿಗೆ ಸಾರು ಹಚ್ಚಿ ನಾಲಿಗೆಗೆ ಮುಟ್ಟಿಸುತ್ತಿದ್ದಳು, ತಟ್ಟೆಯನ್ನು ನನ್ನ ಕಡೆ ಸರಿಸುತ್ತಿದ್ದಳು. ತಟ್ಟೆಯಲ್ಲಿ ಬಿಡುವುದು ನನಗಾಗದು. ಎರಡೂ ಊಟ ನಾನೇ ಮುಗಿಸುತ್ತಿದ್ದೆ. ಅವಳು ಇಳಿಯುತ್ತಿದ್ದಳು, ನಾನು ಏರುತ್ತಿದ್ದೆ. ಪ್ಯಾಂಟಿನ ಗುಂಡಿ ಹಾಕುವಾಗ ನನಗೆ ನನ್ನ ಮೇಲೆಯೇ ಹೇಸಿಗೆ. ಬಾಯಿಗೆ ಹೋದದ್ದು ಏನೆಂದು ನನಗೂ ತಿಳಿಯುತ್ತಿರಲಿಲ್ಲ. ಬಂದರಿನ ಕೆಲಸ ಮುಗಿಸಿ, ಅವಳನ್ನು ಹೊರಡಿಸಿ, ಒಂದೊಂದೇ ಮೆಟ್ಟಿಲು ಹತ್ತಿಸಿ, ಯಾರದೋ ಮೇಜಿನ ಮುಂದೆ ಕೂತು ಅವಳ ಮುಖವನ್ನೇ ನೋಡುವುದು. ಇಷ್ಟು ದಣಿವು ನನಗೆ ಯಾವ ಎಂಜಿನ್ನೂ ಕೊಟ್ಟಿಲ್ಲ.

ಆಸ್ಪತ್ರೆಗೆ ಹೋಗುವ ದಿನ ಹತ್ತಿರ ಬರುತ್ತಿರುವಾಗ ಒಂದು ಭಾನುವಾರ ನಮ್ಮ ಹಳೇ ಓಮ್ನಿಯಲ್ಲಿ ಅಂಕೋಲಾಕ್ಕೆ ಹೋದೆವು. ಅಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ಮೀನೂಟದ ಒಂದು ಹೋಟೆಲಿದೆ. ಹಂಚಿನ ಮಾಡು, ಹಿಂದೆ ಕಟ್ಟಿಗೆ ಒಲೆ, ಭಾನುವಾರ ಕೂರಲು ಜಾಗ ಸಿಗುವುದಿಲ್ಲ. ಬಂಗಡೆಯ ಸಾರು ಬಂತು. ನೋಡಿದರೇ ಗೊತ್ತಾಗುವಂಥ ಸಾರು, ಕೆಂಪಗೆ, ದಪ್ಪಗೆ, ಮೇಲೆ ಹಬೆ. ಅವಳು ಬೆರಳು ಅದ್ದಿದಳು, ನಾಲಿಗೆಗೆ ಮುಟ್ಟಿಸಿದಳು. ಈ ಸಲ ತಟ್ಟೆ ಸರಿಸಲಿಲ್ಲ. ಸುಮ್ಮನೆ ಅದನ್ನೇ ನೋಡುತ್ತ ಕೂತಳು.

“ಎಂತಾತು?” ಎಂದೆ.

“ಇದು ಇವತ್ತಿಂದು,” ಅಂದಳು.

“ಮತ್ತೆ? ಹೋಟೆಲಲ್ಲಿ ಇವತ್ತಿಂದೇ ಕೊಡೂದು.”

“ಹೌದು. ನಿನ್ನೇದಾಗಿದ್ರೆ ತಿಂತಿದ್ದೆ ಅನ್ಸ್ತು.”

ತಿಂಗಳುಗಳ ಮೇಲೆ ಅವಳ ಬಾಯಿಂದ “ತಿಂತಿದ್ದೆ” ಎಂಬ ಮಾತು ಬಂದಿತ್ತು. ಅವಳು ಹೇಳಿದ್ದು ನಮ್ಮ ಕಡೆಯವರಿಗೆ ತಕ್ಷಣ ತಿಳಿಯುತ್ತದೆ. ರಾತ್ರಿಯ ಮೀನುಸಾರನ್ನು ಗಡಿಗೆಯಲ್ಲೇ ಬಿಟ್ಟು, ಬೆಳಿಗ್ಗೆ ಸಣ್ಣ ಉರಿಯಲ್ಲಿ ಬತ್ತಿಸಿ, ಗಂಜಿಯ ಜೊತೆ ನೆಕ್ಕುವುದು. ಖಾರದ ಉರಿ ತಗ್ಗಿ ಕೂತಿರುತ್ತದೆ, ಹುಳಿ ಮೀನಿನ ಒಳಗೆ ಇಳಿದಿರುತ್ತದೆ. ಇದನ್ನು ನಾನು ಮೊದಲೇ ಯಾಕೆ ಮಾಡಲಿಲ್ಲ ಎಂದು ಕೇಳಬಹುದು. ಮಾಡಿದ್ದೆವು. ನೆರೆಮನೆಯವರು ಕೊಟ್ಟ ಸಾರನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಬಿಸಿ ಮಾಡಿ ಕೊಟ್ಟಿದ್ದೆ. “ಫ್ರಿಜ್ಜಿನ ವಾಸ್ನೆ,” ಅಂದಿದ್ದಳು. ಹೊರಗಿಟ್ಟು ಬತ್ತಿಸಲು ಹೋದರೆ ಇಬ್ಬರ ಸಾರು ಎಷ್ಟಿರುತ್ತದೆ? ತಳ ಹಿಡಿದು ಸೀದುಹೋಯಿತು. ಬತ್ತಬೇಕಾದರೆ ಮೊದಲು ಗಡಿಗೆ ತುಂಬ ಇರಬೇಕು. ಭಾವಿಕೇರಿಯ ಅವಳ ಮನೆಯಲ್ಲಿ ಈಗ ಅಷ್ಟು ಜನವಿಲ್ಲ. ಅಂಥ ಗಡಿಗೆ ಉಳಿದಿದ್ದರೆ ಹೋಟೆಲಿನಲ್ಲೇ.

ನಾನು ಬಡಿಸುವವನನ್ನು ಕರೆದೆ. ನನಗಿಂತ ನಾಲ್ಕಾರು ವರ್ಷ ಸಣ್ಣವನಿರಬೇಕು, ಹೆಗಲ ಮೇಲೆ ಟವೆಲ್.

“ನಿನ್ನೇ ಸಾರು ಇದ್ರೆ ಒಂದು ವಾಟಿ ಕೊಡು.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಎಂತದು?”

“ನಿನ್ನೇದು. ಉಳ್ದಿರ್ತದಲ್ಲ?”

“ನಮ್ಮಲ್ಲಿ ಉಳಿಯೂದಿಲ್ಲ,” ಎಂದು ಅವನು ದನಿ ಎತ್ತಿದ. “ನಿನ್ನೇದು ಗಿನ್ನೇದು ಕೊಡುವ ಹೋಟೆಲ್ ಅಲ್ಲ ಇದು. ತಿಂಬೂದಾದ್ರೆ ತಿನ್ನಿ, ಹೆಸ್ರು ಕೆಡಿಸ್ಬೇಡಿ.”

ಪಕ್ಕದ ಮೇಜಿನಲ್ಲಿ ಹೊರಗಿನಿಂದ ಬಂದ ಒಂದು ಕುಟುಂಬ ಕೂತಿತ್ತು. ಆ ಹೆಂಗಸು ತುತ್ತನ್ನು ಅರ್ಧಕ್ಕೆ ನಿಲ್ಲಿಸಿ ತನ್ನ ತಟ್ಟೆಯ ಮೀನನ್ನು ಮೂಸಿ ನೋಡಿದಳು. ಅದನ್ನು ಕಂಡು ಗಲ್ಲಾಪೆಟ್ಟಿಗೆಯ ಮುಂದಿದ್ದ ಮಾಲೀಕನೇ ಎದ್ದು ಬಂದ. ಮೀನಿಗೆಂದು ನಮ್ಮ ಬಂದರಿಗೆ ಬರುವವನು, ನನ್ನ ಗುರುತಿತ್ತು.

“ಮೇಸ್ತ್ರಿ, ಎಂತಾ ಇದು? ಮೀನು ಹಳತು ಅಂದ್ರಂತೆ?”

“ನಾ ಹಾಗೆ ಹೇಳ್ಲಿಲ್ಲ. ಹಳತು ಇದ್ರೆ ಬೇಕು ಅಂದೆ.”

“ಅದೇ ಅಲ್ವಾ? ಭಾನುವಾರ, ಇಷ್ಟು ಜನರ ಎದ್ರು ಹಳತು ಬೇಕು ಅಂದ್ರೆ, ನನ್ನ ಹತ್ರ ಹಳತು ಅದೆ ಅಂದಂಗೆ ಆಗ್ಲಿಲ್ವಾ?”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ವಿಷಯ ಹೀಗೆ ಎಂದು ಬಿಡಿಸಿ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಂಡತಿಯ ಕಾಯಿಲೆಯನ್ನು ನಾಲ್ಕು ಜನರ ಎದುರು ಹೇಳಿ ಒಂದು ವಾಟಿ ಸಾರು ಕೇಳುವುದು ನನ್ನ ಜಾಯಮಾನದಲ್ಲಿಲ್ಲ. “ಬಿಲ್ ಕೊಡು, ಹೋಗ್ತೇವೆ,” ಎಂದು ಎದ್ದೆ.

ಅವಳು ಏಳಲಿಲ್ಲ. ಕರೆಂಟ್ ಕೊಟ್ಟ ಮೇಲೆ ಅವಳ ದನಿ ಒಡೆದು ಸಣ್ಣಗಾಗಿದೆ. ಆ ದನಿಯಲ್ಲೇ ಮಾಲೀಕನನ್ನು ಕೇಳಿದಳು, “ತಮ್ಮಾ, ಬೆಳಿಗ್ಗೆ ನೀವೆಲ್ಲ ಎಂತಾ ತಿಂತ್ರಿ?”

“ಯಾರು?”

“ನೀನು, ಅಡಿಗೆಯವ್ರು, ಇವ್ರು. ಹೋಟೆಲ್ ಬಾಗಿಲು ತೆಗೂಕಿಂತ ಮೊದ್ಲು.”

ಅವನು ಬಡಿಸುವವನ ಮುಖ ನೋಡಿದ. ಬಡಿಸುವವನು ಟವೆಲಿನಿಂದ ಮೇಜು ಒರೆಸತೊಡಗಿದ, ಅದು ಒರೆಸಿಯೇ ಇದ್ದರೂ. “ಗಂಜಿ,” ಎಂದ ಮಾಲೀಕ. ಆಮೇಲೆ ಮೆಲ್ಲಗೆ, “ನಿನ್ನೇ ಸಾರು.”

“ಅದೇ ನಂಗೆ ಬೇಕಾದ್ದು. ಗಂಟ್ಲಿಗೆ ಕರೆಂಟ್ ಕೊಟ್ಟಿದ್ರು. ಬೇರೆ ಎಂತದೂ ಇಳೂದಿಲ್ಲ.”

ಅವನು ಪಕ್ಕದ ಮೇಜಿಗೆ ಬೆನ್ನು ಮಾಡಿ ಬಗ್ಗಿದ. “ಅದು ಮಾರೂಕೆ ಅಲ್ಲ ಅಕ್ಕಾ,” ಎಂದ. “ಬೆಳಿಗ್ಗೆ ಬನ್ನಿ. ಹಿಂದಿನ ಬಾಗಿಲಿಂದ ಬನ್ನಿ. ನಮ್ಮ ಜೊತೆ ಕೂತ್ಕಳಿ.”

ಮರುದಿನ ಬೆಳಿಗ್ಗೆ ನಾನು ಓಮ್ನಿ ತಿರುಗಿಸಿ ನಿಲ್ಲಿಸಿದರೆ ಅವಳು ತುಳಸಿಗೆ ನೀರು ಹಾಕುತ್ತ ನಿಂತಿದ್ದಾಳೆ.

“ಇವತ್ತು ಸೋಮವಾರ,” ಅಂದಳು.

ಸೋಮವಾರ ನಮ್ಮಲ್ಲಿ ಮೀನು ಮುಟ್ಟುವುದಿಲ್ಲ. ನನಗೆ ತಲೆ ಕೆಟ್ಟಿತು. ಹೊಟ್ಟೆಗೆ ತೂತು ಹಾಕಿಸಿಕೊಳ್ಳುವ ಹೊತ್ತಿಗೆ ಇವಳಿಗೆ ವಾರ!

“ದೇವ್ರಿಗೆ ಗೊತ್ತಿಲ್ವಾ ನಿನ್ನ ಅವಸ್ಥೆ?”

“ಅವಸ್ಥೆ ಗೊತ್ತಿದ್ದವ್ಗೆ ವಾರವೂ ಗೊತ್ತಿರ್ತದೆ.”

“ಹಾಗಾದ್ರೆ ನಾಳೆ ತಿಂಬೂದು ಸೋಮವಾರ ಮಾಡಿದ ಸಾರು. ಅದು ನಡೀತದಾ?”

ಅವಳು ತಂಬಿಗೆ ಕೆಳಗಿಟ್ಟಳು. “ಮಾಡೂದು ಅವ್ರು. ನಾ ತಿಂಬೂದು ಮಂಗಳವಾರ. ಅದಕ್ಕೆ ಅಡ್ಡಿಲ್ಲ.”

ಮಂಗಳವಾರ ಹೋದೆವು. ಹಿಂಬಾಗಿಲಿಗೆ ಹೋಗುವ ದಾರಿಯಲ್ಲಿ ಪಾತ್ರೆ ತೊಳೆಯುವ ಕಲ್ಲು, ತೆಂಗಿನ ಸಿಪ್ಪೆಯ ರಾಶಿ, ಕಾಲಿಗೆ ತಾಗುವ ನೀರು. ಇಸ್ತ್ರಿ ಅಂಗಿ ತೊಟ್ಟು ಬಂದ ನನಗೆ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಮಾಲೀಕನ ಅಕ್ಕನೇ ಅಡಿಗೆ ಮಾಡುವವಳು, ದಪ್ಪ ಮೈಯ, ಗಟ್ಟಿ ದನಿಯ ಹೆಂಗಸು. ಮಣೆ ಕೊಟ್ಟು, “ಕೂತ್ಕಳಿ, ನಿಂತ್ರೆ ಗಂಜಿ ಇಳೂದಿಲ್ಲ,” ಎಂದಳು. ಭಾನುವಾರ ಜಗಳಕ್ಕೆ ಬಂದಿದ್ದ ಬಡಿಸುವವನೂ ಅಲ್ಲೇ ಗೋಡೆಗೊರಗಿ ಗಂಜಿ ಕುಡಿಯುತ್ತಿದ್ದ. ನಾನು ಮಾಲೀಕನಿಗೆ ದುಡ್ಡಿನ ಮಾತು ತೆಗೆದೆ. ಅವನು ಕೈ ಅಡ್ಡ ಮಾಡಿದ. “ನಿನ್ನೇದಕ್ಕೆ ದುಡ್ಡು ತಕಂಡ್ರೆ ನಾ ಹಳತು ಮಾರ್ದಂಗೇ ಆತಲ್ಲ, ಮೇಸ್ತ್ರಿ?” ಎಂದ. ಯಾರದ್ದೂ ಪುಕ್ಕಟೆ ಉಂಡವನಲ್ಲ ನಾನು. ಆ ವ್ಯವಸ್ಥೆ ನನಗೆ ಇಂದಿಗೂ ಪೂರ್ತಿ ಹಿಡಿಸಿಲ್ಲ.

ಕುಚ್ಚಲಕ್ಕಿಯ ಗಂಜಿ ತೆಳ್ಳಗಿತ್ತು. ಗಡಿಗೆಯ ತಳದಿಂದ ಆ ಹೆಂಗಸು ಸಟ್ಟುಗದಲ್ಲಿ ಕೆರೆದು ತಂದದ್ದನ್ನು ಸಾರು ಎನ್ನಲಾಗದು. ಗಟ್ಟಿಯಾದ, ಕಂದು ಬಣ್ಣದ, ಮೀನು ಮಸಾಲೆ ಒಂದಾಗಿಹೋದ ಏನೋ ಒಂದು. ಹೆಂಡತಿ ಬೆರಳು ಅದ್ದಿದಳು. ನಾಲಿಗೆಗೆ ಮುಟ್ಟಿಸಿದಳು. ಕಣ್ಣು ಮುಚ್ಚಿದಳು. ಅವಳು ಒಂದು ಗುಟುಕು ಗಂಜಿ ಕುಡಿದಳು, ಮತ್ತೆ ಬೆರಳು, ಮತ್ತೆ ಗಂಜಿ. ನುಂಗುವುದಕ್ಕೆ ಕಷ್ಟವೇ. ಪ್ರತಿ ಗುಟುಕಿಗೂ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಆದರೂ ಬಟ್ಟಲಿನ ಅರ್ಧಕ್ಕಿಂತ ಕೆಳಗೆ ಇಳಿಯಿತು. ಆಮೇಲೆ ಬಟ್ಟಲು ಕೆಳಗಿಟ್ಟು ಅಂದಳು:

“ಜುಮ್ಮನಕಾಯಿ ಕಮ್ಮಿ ಆತು.”

ನಾಲಿಗೆ ಜುಮ್ಮೆನ್ನಿಸುವ ಆ ಕಾಡುಕಾಯಿಯಿಲ್ಲದೆ ನಮ್ಮಲ್ಲಿ ಬಂಗಡೆಯ ಸಾರಿಲ್ಲ. ಒಲೆಯ ಮುಂದಿದ್ದ ಹೆಂಗಸು ಸಟ್ಟುಗ ಹಿಡಿದೇ ತಿರುಗಿದಳು. “ಕಮ್ಮಿಯಾ? ಇಷ್ಟು ವರ್ಷದಲ್ಲಿ ಒಬ್ರೂ ಹೇಳ್ಲಿಲ್ಲ!”

“ಬಿಸಿ ಇದ್ದಾಗ ಗೊತ್ತಾಗೂದಿಲ್ಲ. ಮರುದಿನ ತಿಂದವ್ರಿಗೆ ಗೊತ್ತಾಗ್ತದೆ.”

“ಮರುದಿನ ತಿಂಬವ್ರು ನಾವೇ. ನಮ್ಗೆ ಸರಿಯಾಗೇ ಅದೆ.”

“ನಿಮ್ಗೆ ಅಭ್ಯಾಸ ಆಗಿದೆ,” ಅಂದಳು ನನ್ನ ಹೆಂಡತಿ.

ಗೋಡೆಗೊರಗಿದ್ದವನು ಗಂಜಿ ನೆತ್ತಿಗೇರಿ ಕೆಮ್ಮತೊಡಗಿದ. ಆ ಹೆಂಗಸು ಸಿಟ್ಟಿನಲ್ಲೇ ಇದ್ದಳು. ಆದರೆ ನಾವು ಹೊರಡುವಾಗ, “ಗುರುವಾರ ಬನ್ನಿ, ಜಾಸ್ತಿ ಹಾಕಿ ಇಡ್ತೆ. ಆಮೇಲೆ ಬಾಯಿ ಜುಮ್ ಅಂತು ಹೇಳ್ಬೇಡಿ,” ಎಂದಳು. ಅವಳು ಹಾಗೆ ಸಿಟ್ಟು ಮಾಡಿದ್ದು ನನಗೆ ಎಷ್ಟು ಹಿತವೆನ್ನಿಸಿತೆಂದು ಹೇಳಲಾರೆ. ನನ್ನ ಹೆಂಡತಿಯನ್ನು ರೋಗಿಯೆಂದು ನೋಡದೆ ಜಗಳವಾಡಿದವಳು ಅಷ್ಟು ತಿಂಗಳಲ್ಲಿ ಅವಳೊಬ್ಬಳೇ.

ಅಲ್ಲಿಂದ ವಾರಕ್ಕೆ ಹಲವು ಬೆಳಿಗ್ಗೆ ಅಂಕೋಲಾ. ಸುಖ ಎಂದು ಬರೆದರೆ ಸುಳ್ಳಾಗುತ್ತದೆ. ಕತ್ತಲಿರುವಾಗಲೇ ಏಳಬೇಕು, ಅವಳಿಗೆ ಮುಖ ತೊಳೆಸಬೇಕು, ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಹೋಗಬೇಕು, ವಾಪಸು ಬಂದು ಬಂದರಿಗೆ ಓಡಬೇಕು. ಅಲ್ಲಿ ಬೋಟಿನವರು, “ಮೇಸ್ತ್ರಿ ಈಗ ಅಂಕೋಲಾದಲ್ಲಿ ನಾಷ್ಟಾ ಮಾಡುವ ಶೇಟ್,” ಎಂದು ಕಿಚಾಯಿಸುವರು. ಕೆಲವು ದಿನ ಅವಳು ನಾಲ್ಕು ಗುಟುಕಿಗೇ ಸಾಕು ಮಾಡುತ್ತಿದ್ದಳು. ಒಂದು ದಿನ ಎಲ್ಲವೂ ವಾಂತಿಯಾಯಿತು. ಇನ್ನು ಮಳೆಗಾಲ ಬರುತ್ತದೆ, ಬೋಟುಗಳು ನಿಲ್ಲುತ್ತವೆ, ಮಂಜುಗಡ್ಡೆಯ ಮೀನು ಬರುತ್ತದೆ. ಆಗ ಗಡಿಗೆಯ ತಳದಲ್ಲಿ ಏನು ಉಳಿಯುತ್ತದೋ ನನಗೆ ಗೊತ್ತಿಲ್ಲ.

ಆಸ್ಪತ್ರೆಯ ದಿನ ಬಂತು. ನರ್ಸ್ ಅವಳನ್ನು ತೂಕದ ಮಿಷನ್ ಮೇಲೆ ನಿಲ್ಲಿಸಿದಳು. ನಾನು ಗೋಡೆಯ ಕಡೆ ನೋಡುತ್ತಿದ್ದೆ. ಡಾಕ್ಟರರು ಕಾಗದ ನೋಡಿ, “ಏರಿಲ್ಲ. ಆದರೆ ಇಳಿದೂ ಇಲ್ಲ,” ಎಂದರು. “ಏನು ತಿನ್ನುತ್ತಿದ್ದೀರಿ?” ಎಂದು ಕೇಳಿದರು. “ಗಂಜಿ,” ಅಂದಳು ಅವಳು, ಉಳಿದದ್ದು ಹೇಳಲಿಲ್ಲ. “ಸರಿ, ಅದನ್ನೇ ಮುಂದುವರಿಸಿ. ನಳಿಕೆಯ ವಿಷಯ ಮುಂದಿನ ಸಲ ನೋಡೋಣ.”

ಮಂಗಳೂರಿನಿಂದ ವಾಪಸು ಬರುವಾಗಲೂ ಓಮ್ನಿ ಓಡಿಸಿದವನು ನಾನೇ. ಕುಮಟಾ ದಾಟುವಾಗ ಕಣ್ಣು ಎಳೆಯತೊಡಗಿತು. ಮನೆಗೆ ಹೋಗಿ ಬಿದ್ದುಕೊಂಡರೆ ಸಾಕಿತ್ತು. ಅಂಕೋಲಾ ಬಂದಾಗ ಅವಳು, “ನಿಲ್ಸಿ. ನೀವು ಬೆಳಿಗ್ಗಿಂದ ಎಂತದೂ ತಿನ್ಲಿಲ್ಲ,” ಅಂದಳು.

ಊಟದ ಹೊತ್ತು ಮೀರಿತ್ತು. ಒಳಗೆ ಯಾರೂ ಇರಲಿಲ್ಲ. ಬಡಿಸುವವನು ಒಂದೇ ತಟ್ಟೆ ತಂದಿಟ್ಟು, ಪಕ್ಕದಲ್ಲಿ ಸಾರಿನ ವಾಟಿ ಇಟ್ಟು, “ಮೇಸ್ತ್ರಿ, ಇವತ್ತಿಂದು ಅಡ್ಡಿಲ್ವಾ? ಅಲ್ಲ, ನಿಮ್ಗೆ ಹೊಟ್ಟೆ ಕೆಡ್ತದೋ ಏನೋ,” ಎಂದು ನಗದೆ ಕೇಳಿದ.

“ಬಡಿಸು ಮಾರಾಯ,” ಎಂದೆ.

ಕಲಸಿ ಬಾಯಿಗಿಟ್ಟೆ. ಹುಳಿ ಗೊತ್ತಾಯಿತು, ಆಮೇಲೆ ಉಪ್ಪು, ಆಮೇಲೆ ಬಂಗಡೆಯ ಬೆನ್ನಿನ ಕಡೆಯ ಕಪ್ಪು ಮಾಂಸ. ಇಷ್ಟು ತಿಂಗಳು ಎರಡೆರಡು ತಟ್ಟೆ ಉಂಡವನಿಗೆ ಒಂದು ತುತ್ತಿನ ರುಚಿ ಅಂದೇ ಸಿಕ್ಕಿತು. ಅವಳು ಎದುರಿಗೆ ಕೂತು ನನ್ನನ್ನೇ ನೋಡುತ್ತಿದ್ದಳು. ನಂತರ ಕೈ ಚಾಚಿ ನನ್ನ ವಾಟಿಯಲ್ಲಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು.

“ಹ್ಯಾಂಗದೆ?” ಎಂದೆ.

“ನಾಳೆಗೆ ಅಡ್ಡಿಲ್ಲ,” ಅಂದಳು.

ನಾನು ಇನ್ನೊಂದು ಸಲ ಅನ್ನ ಹಾಕಿಸಿಕೊಂಡೆ.